ವಿಜಯಪುರದ ಎರಿ (ಕಪ್ಪು) ಮಣ್ಣಿನ ಹಿತ್ತಲದಾಗ ವರ್ಷಾನುಗಟ್ಟಲೆ ಬಾಳುವ ಗಿಡ ಯಾವು ಹಚ್ಚಬೇಕು?

ಗಿಡಕ್ಕಿಂತ ಮೊದಲ ಮಣ್ಣು ನೋಡ್ರಿ. ಎರಿ ಮಣ್ಣು ಮಳಿಗಾಲದಾಗ ನೀರು ಹಿಡಿದು ಬೇರು ಕೊಳೆಸ್ತದ, ಬ್ಯಾಸಿಗ್ಯಾಗ ಬಿರುಕು ಬಿಟ್ಟು ಬೇರು ಹರಿತದ. ಅದಕ್ಕ 2 ಅಡಿ ತಗ್ಗು ತೋಡಿ, ತೆಗೆದ ಮಣ್ಣಿಗೆ ಕಳಿತ ತಿಪ್ಪಿಗೊಬ್ಬರ ಧಾರಾಳ ಕಲಸಿ, ನೆಲಕ್ಕಿಂತ ಗೇಣು ಎತ್ತರ ಏರಿಸಿ ತುಂಬ್ರಿ. ಜೂನ್-ಜುಲೈ ಮಳಿ ಬಿದ್ದ ಮ್ಯಾಲೆ ಹಚ್ಚೂದು ಚಲೋ.

ಕರಿಬೇವು, ದಾಸವಾಳ, ದುಂಡು ಮಲ್ಲಿಗಿ ಸಾಕು. ನಿಂಬಿಗೆ ಹೆಸರಾದ ನಮ್ಮ ಜಿಲ್ಲಾದ ಇಂಡಿ ಕಡೆ ಹೋದ್ರ ಕಾಗಜಿ ನಿಂಬಿ ಸಸಿ ತರ್ರಿ. ಕಾಯಿಗೆ ಮೂರ್ನಾಲ್ಕು ವರ್ಷ ಕಾಯಬೇಕು. ನುಗ್ಗಿ ಗ್ವಾಡಿಯಿಂದ ದೂರ ಇರಲಿ, ಟೊಂಗಿ ಗಾಳಿಗೆ ಮುರಿತಾವ. ಕಣಗಿಲ ನೀರು ಕಡಿಮಿ ಬೇಡ್ತದ ಖರೆ, ಆದ್ರ ವಿಷ. ಸಣ್ಣ ಹುಡುಗರಿದ್ದ ಮನ್ಯಾಗ ನಾ ಅಂತೂ ಹಚ್ಚಂಗಿಲ್ಲ.

ಬ್ಯಾಸಿಗ್ಯಾಗ ಮಣ್ಣು ಒಣಗಿ ಬಿರುಕು ಬಿಡದಂಗ, ಫೆಬ್ರುವರಿ ಮುಗಿಯೂದ್ರಾಗ ಬುಡಕ್ಕ ಜೋಳದ ಕಣಿಕಿ (ಒಣ ದಂಟು) ಹೊದಿಸ್ರಿ.