ಎರಡು ಕೇಬಲ್ ಹಾಕಿದರೂ ಒಂದೇ ಏಕೆ ದುಡಿಯುತ್ತದೆ?

ಪ್ರಶ್ನೆ: ನಮ್ಮ ಕಾಲೇಜಿನ ಎರಡು ಸ್ವಿಚ್‌ಗಳ ನಡುವೆ ವೇಗ ಹೆಚ್ಚಲೆಂದು ಇನ್ನೊಂದು ಗಿಗಾಬಿಟ್ ಕೇಬಲ್ ಹಾಕಿದೆವು. ಆದರೆ ಒಂದು ಪೋರ್ಟ್ ಸದಾ ಬ್ಲಾಕ್ ಆಗಿಯೇ ಇರುತ್ತದೆ. ಸ್ಪ್ಯಾನಿಂಗ್ ಟ್ರೀಯನ್ನು (ಲೂಪ್ ಆಗದಂತೆ ಹೆಚ್ಚುವರಿ ದಾರಿಯನ್ನು ತಡೆಯುವ ವ್ಯವಸ್ಥೆ) ನಿಲ್ಲಿಸಬಹುದೇ?

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಈಥರ್‌ನೆಟ್ ಫ್ರೇಮ್ (ಜಾಲದಲ್ಲಿ ಸಾಗುವ ದತ್ತಾಂಶದ ತುಣುಕು) ಎಷ್ಟು ಸ್ವಿಚ್ ದಾಟಿತೆಂಬ ಲೆಕ್ಕ ಅದರಲ್ಲಿ ಇರುವುದಿಲ್ಲವಾದ್ದರಿಂದ, ಎರಡೂ ದಾರಿ ತೆರೆದರೆ ಎಲ್ಲರಿಗೂ ಹೋಗುವ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇದ್ದು, ಕೆಲವೇ ಕ್ಷಣಗಳಲ್ಲಿ ಇಡೀ ಜಾಲ ಸ್ತಬ್ಧವಾಗುತ್ತದೆ. ಆ ಪೋರ್ಟನ್ನು ತಡೆದು ಸ್ಪ್ಯಾನಿಂಗ್ ಟ್ರೀ ನಿಮ್ಮನ್ನು ಕಾಪಾಡುತ್ತಿದೆ.

ನಿಮಗೆ ಬೇಕಾದುದು ಲಿಂಕ್ ಅಗ್ರಿಗೇಷನ್. ಇದರಲ್ಲಿ ಎರಡೂ ಪೋರ್ಟುಗಳು ಒಂದೇ ತಾರ್ಕಿಕ ಪೋರ್ಟ್ ಆಗುತ್ತವೆ. ಸ್ಪ್ಯಾನಿಂಗ್ ಟ್ರೀಗೂ ಅದು ಒಂದಾಗಿಯೇ ಕಾಣುವುದರಿಂದ ಯಾವುದನ್ನೂ ತಡೆಯುವುದಿಲ್ಲ. ಮೊದಲು ಹೆಚ್ಚುವರಿ ಕೇಬಲ್ ತೆಗೆದು, ಎರಡೂ ಕಡೆ ಎಲ್‌ಎಸಿಪಿಯನ್ನು (ಸ್ವಿಚ್‌ಗಳು ತಮ್ಮಲ್ಲೇ ಮಾತುಕತೆ ನಡೆಸಿ ಪೋರ್ಟುಗಳನ್ನು ಒಗ್ಗೂಡಿಸುವ ಪ್ರೋಟೋಕಾಲ್) ಆಕ್ಟಿವ್ ಆಗಿ ಹೊಂದಿಸಿ, ವೇಗ ಮತ್ತು ವಿಎಲ್ಎಎನ್ (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲ) ಪಟ್ಟಿ ಒಂದೇ ಇವೆಯೆಂದು ಖಚಿತಪಡಿಸಿಕೊಂಡು, ಆಮೇಲೆ ಕೇಬಲ್ ಜೋಡಿಸಿ. 2000ನೇ ಇಸವಿಯ 802.3ಎಡಿ ಮಾನದಂಡದಲ್ಲೇ ಬಂದ ಈ ಪ್ರೋಟೋಕಾಲ್‌ನಿಂದಾಗಿ ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಹೊಂದಿಕೊಳ್ಳುತ್ತವೆ. ಮಾತುಕತೆಯಿಲ್ಲದ ಸ್ಟಾಟಿಕ್ ವಿಧಾನವನ್ನು ನಾನು ಸೂಚಿಸುವುದಿಲ್ಲ. ಒಂದು ಕಡೆ ಮಾತ್ರ ಅದನ್ನು ಹೊಂದಿಸಿದರೆ ಲೂಪ್ ಉಂಟಾಗುವ ಅಪಾಯವಿದೆ. ಸ್ಪ್ಯಾನಿಂಗ್ ಟ್ರೀಯ ಕಾಸ್ಟ್, ಪ್ರಯಾರಿಟಿಗಳನ್ನು (ಯಾವ ದಾರಿ ಬಳಸಬೇಕೆಂದು ನಿರ್ಧರಿಸುವ ಮೌಲ್ಯಗಳು) ಬಿಡಿ ಪೋರ್ಟುಗಳ ಮೇಲಲ್ಲ, ತಾರ್ಕಿಕ ಪೋರ್ಟಿನ ಮೇಲೆಯೇ ಬದಲಿಸಿ.

ಇನ್ನೊಂದು ಮಾತು: ದಟ್ಟಣೆಯನ್ನು ವಿಳಾಸಗಳ ಆಧಾರದ ಮೇಲೆ ಹಂಚುವುದರಿಂದ, ಎರಡೇ ಕಂಪ್ಯೂಟರ್‌ಗಳ ನಡುವಿನ ಒಂದು ಫೈಲ್ ವರ್ಗಾವಣೆಗೆ ಸಾಮಾನ್ಯವಾಗಿ 1 ಗಿಗಾಬಿಟ್ ವೇಗವೇ ಸಿಗುತ್ತದೆ. ಅನೇಕರು ಒಟ್ಟಿಗೆ ಬಳಸುವಾಗಲೇ ಎರಡನೆಯ ಕೇಬಲ್ಲಿನ ಪ್ರಯೋಜನ ಕಾಣುತ್ತದೆ.