ಒಂದೇ ಅರಬ್ಬಿ ಸಮುದ್ರ, ಜುಹುದಲ್ಲಿ ರಾಡಿ, ಲಕ್ಷದ್ವೀಪದಲ್ಲಿ ತಿಳಿ: ಯಾಕೆ?

ನಿಮ್ಮ ಪ್ರಶ್ನೆ ಇದು: ಮುಂಬೈಗೆ ಹೋದಾಗ ಜುಹುದಲ್ಲಿ ನೀರು ಮಣ್ಣಿನ ಬಣ್ಣಕ್ಕಿತ್ತು, ಮುರುಡೇಶ್ವರದಲ್ಲಿ ಹಸಿರಾಗಿ ಕಂಡಿತು, ಲಕ್ಷದ್ವೀಪದ ಫೋಟೋದಲ್ಲಿ ತಳದ ಮರಳು ಕಾಣುವಷ್ಟು ತಿಳಿಯಾಗಿದೆ. ಮೂರೂ ಅರಬ್ಬಿ ಸಮುದ್ರವೇ ಅಲ್ವಾ? ಹಾಗಾದರೆ ಜುಹು, ಮುರುಡೇಶ್ವರದ ನೀರು ಕೊಳಕಾ?

ನೀವು ಬೀದರಿನವರು ಅಂತ ಬರೆದಿದ್ದೀರಿ. ನಾನು ಕಲಬುರಗಿಯಲ್ಲಿ ಮಣ್ಣು ಪರೀಕ್ಷೆ ಮಾಡುವವನು. ಸಮುದ್ರದ ಪ್ರಶ್ನೆಗೆ ಮಣ್ಣಿನವನು ಉತ್ತರ ಕೊಡಲು ಕಾರಣ ಇದೆ. ನೀವು ಕಂಡ ವ್ಯತ್ಯಾಸ ಬಹುಪಾಲು ಮಣ್ಣಿನದೇ ಕೆಲಸ. ನೀರು ಮೂರೂ ಕಡೆ ಒಂದೇ. ಅದರಲ್ಲಿ ಏನು ತೇಲುತ್ತಿದೆ, ಕೆಳಗೆ ತಳ ಯಾವ ಬಣ್ಣದ್ದು, ಆಳ ಎಷ್ಟು, ಇದರ ಮೇಲೆ ಬಣ್ಣ ಬದಲಾಗುತ್ತದೆ.

ಮೊದಲು ಏನೂ ಬೆರೆಯದ ನೀರಿನ ಬಣ್ಣ ತಿಳಿದುಕೊಳ್ಳೋಣ. ಲೋಟದ ನೀರಿಗೆ ಬಣ್ಣ ಇಲ್ಲ ಅನಿಸುತ್ತದೆ, ಯಾಕಂದ್ರೆ ಲೋಟದಲ್ಲಿ ಆಳ ಸಾಲದು. ಬಿಸಿಲಿನ ಕೆಂಪು ಭಾಗವನ್ನು ನೀರು ಬೇಗ ನುಂಗುತ್ತದೆ. ಮೊದಲ 10 ಮೀಟರಿನೊಳಗೆ ಕೆಂಪು ಹೆಚ್ಚುಕಡಿಮೆ ಮುಗಿದೇ ಹೋಗುತ್ತದೆ. ನೀಲಿ ಮಾತ್ರ ಆಳಕ್ಕೆ ಇಳಿದು, ಚದುರಿ, ಒಂದಿಷ್ಟು ಮೇಲಕ್ಕೆ ವಾಪಸ್ ಬರುತ್ತದೆ. ಆಕಾಶದ ನೆರಳು ಬಿದ್ದು ಸಮುದ್ರ ನೀಲಿ ಕಾಣುತ್ತದೆ ಅಂತ ನಮಗೆಲ್ಲ ಚಿಕ್ಕಂದಿನಲ್ಲಿ ಹೇಳಿರುತ್ತಾರೆ. ಲಾರ್ಡ್ ರ‍್ಯಾಲೆ ಅಂಥ ದೊಡ್ಡ ವಿಜ್ಞಾನಿಯೂ ಹಾಗೇ ಅಂದಿದ್ದರು. 1921ರಲ್ಲಿ ಸಿ.ವಿ. ರಾಮನ್ ಇಂಗ್ಲೆಂಡಿನಿಂದ ನರ್ಕುಂದ ಎಂಬ ಹಡಗಿನಲ್ಲಿ ವಾಪಸ್ ಬರುವಾಗ ಕೈಯಲ್ಲಿ ನಿಕೋಲ್ ಪ್ರಿಸಂ ಹಿಡಿದು ಸಮುದ್ರ ನೋಡಿದರು. ಆ ಪ್ರಿಸಂ ನೀರಿನ ಮೇಲಿನ ಪ್ರತಿಬಿಂಬವನ್ನು ಅಳಿಸಿಬಿಡುತ್ತದೆ. ಆಕಾಶದ ಪ್ರತಿಬಿಂಬ ಹೋದ ಮೇಲೂ ನೀಲಿ ಹೋಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಅಂತ ಅವರು ಬರೆದು, ಮುಂಬೈ ಬಂದರಿನಿಂದಲೇ ಕಳಿಸಿದರು. ಆಕಾಶದ ಪಾತ್ರ ಪೂರ್ತಿ ಇಲ್ಲ ಅಂತಲ್ಲ. ಮೋಡದ ದಿನ ಸಮುದ್ರ ಬೂದಿಯಾಗಿ ಕಾಣುವುದು ಮೇಲ್ಮೈಯ ಪ್ರತಿಬಿಂಬದಿಂದಲೇ.

ಈಗ ಮಣ್ಣಿಗೆ ಬರುತ್ತೇನೆ. ಹೊಲದ ಮಣ್ಣಿನಲ್ಲಿ ಮರಳೆಷ್ಟು, ಜೇಡಿ ಎಷ್ಟು ಅಂತ ಅಳೆಯಲು ನಾವು ಒಂದು ಲೀಟರಿನ ಉದ್ದ ಗಾಜಿನ ಸಿಲಿಂಡರ್‌ನಲ್ಲಿ ಮಣ್ಣು ಕದಡಿ ನಿಲ್ಲಿಸುತ್ತೇವೆ. 40 ಸೆಕೆಂಡಿಗೆ ಒಂದು ರೀಡಿಂಗ್. ಅಷ್ಟರಲ್ಲಿ ಮರಳು ತಳಕ್ಕೆ ಕೂತಾಗಿರುತ್ತದೆ. ಎರಡನೇ ರೀಡಿಂಗ್ 2 ಗಂಟೆಗೆ, ಆಗಲೂ ಜೇಡಿ ತೇಲುತ್ತಲೇ ಇರುತ್ತದೆ. ಜೇಡಿಯ ಕಣ ಅಂದರೆ 0.002 ಮಿಲಿಮೀಟರ್ ಮತ್ತು ಅದಕ್ಕಿಂತ ಸಣ್ಣದು. ಆ ಗುಂಪಿನ ದೊಡ್ಡ ಕಣವೇ ನಿಂತ ನೀರಿನಲ್ಲಿ 10 ಸೆಂಟಿಮೀಟರ್ ಇಳಿಯಲು ಸುಮಾರು 8 ಗಂಟೆ ಹಿಡಿಯುತ್ತದೆ. ನಮ್ಮ ಎರೆ ಮಣ್ಣಿನದ್ದಾದರೆ ಮರುದಿನ ಬಂದು ನೋಡಿದರೂ ಸಿಲಿಂಡರಿನ ಆಚೆ ಬದಿ ಕಾಣುವುದಿಲ್ಲ.

ಅಲೆಯೇ ಇಲ್ಲದ ಗಾಜಿನಲ್ಲಿ ಹೀಗೆ. ಸಮುದ್ರದಲ್ಲಿ ಅಲೆ ನಿಲ್ಲುವುದೇ ಇಲ್ಲ. ಹಾಗಾಗಿ ದಡದಲ್ಲಿ ದಪ್ಪ ಮರಳು ಇದ್ದರೆ ಅಲೆ ಹಿಂದೆ ಸರಿದ ಕೂಡಲೇ ನೀರು ತಿಳಿಯಾಗುತ್ತದೆ. ತಳದಲ್ಲಿ ಜೇಡಿ ಇದ್ದರೆ ಅದು ಕೂರುವ ಮೊದಲೇ ಮುಂದಿನ ಅಲೆ ಮತ್ತೆ ಎಬ್ಬಿಸುತ್ತದೆ. ಮುಂಬೈ ಸುತ್ತ ಖಾರಿಗಳು (ಸಮುದ್ರದ ನೀರು ನೆಲದೊಳಗೆ ನುಗ್ಗುವ ಕಿರಿದಾದ ಜಾಗಗಳು) ಜಾಸ್ತಿ, ಕೆಸರು ಜಾಸ್ತಿ, ಅದರ ಮೇಲೆ ಉಬ್ಬರ ಇಳಿತವೂ ಜೋರು. ದೊಡ್ಡ ಉಬ್ಬರದ ದಿನ ನೀರು 4 ಮೀಟರಿಗಿಂತ ಹೆಚ್ಚು ಏರಿಳಿಯುತ್ತದೆ, ಅದೂ ದಿನಕ್ಕೆರಡು ಸಲ. ನಮ್ಮ ಕಾರವಾರ, ಮುರುಡೇಶ್ವರದ ಕಡೆ ಅದು 2 ಮೀಟರಿನ ಆಸುಪಾಸು ಅಷ್ಟೆ. ಮುಂಬೈಯಲ್ಲಿ ಅಷ್ಟು ನೀರು ಒಳಗೆ ಹೊರಗೆ ಓಡಾಡಿದರೆ ತಳದ ಕೆಸರು ಸುಮ್ನೆ ಕೂರಲು ಆಗುವುದಿಲ್ಲ. ಇನ್ನೂ ಉತ್ತರಕ್ಕೆ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಉಬ್ಬರ 10 ಮೀಟರ್ ದಾಟುತ್ತದೆ. ಅಲ್ಲಿ ನೀರು ವರ್ಷವಿಡೀ ರಾಡಿ.

ಇಲ್ಲಿ ಒಂದು ಸೋಜಿಗ ಇದೆ, ನನಗೆ ಬಹಳ ಇಷ್ಟವಾದದ್ದು. ಸಮುದ್ರದ ಉಪ್ಪು ನಿಜಕ್ಕೂ ಮಣ್ಣನ್ನು ಕೂರಿಸುತ್ತದೆ! ಜೇಡಿ ಕಣಗಳಿಗೆಲ್ಲ ಒಂದೇ ಬಗೆಯ ವಿದ್ಯುತ್ ಅಂಶ ಇರುತ್ತದೆ, ಅದಕ್ಕೇ ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ಉಪ್ಪು ಬೆರೆತರೆ ಆ ತಳ್ಳಾಟ ಕಡಿಮೆಯಾಗುತ್ತದೆ. ಕಣಗಳು ಅಂಟಿಕೊಂಡು, ಭಾರವಾಗಿ, ಇಳಿಯುತ್ತವೆ. ಹೊಳೆಯ ಹೊಸ ನೀರು ತಂದ ದಿನ ಕೊಡದಲ್ಲಿ ಪಟಿಕ ತಿರುಗಿಸುತ್ತಾರಲ್ಲ, ಹಾಗೆ. ಮನೆಯಲ್ಲೇ ಮಾಡಿ ನೋಡಿ. ಎರಡು ಗಾಜಿನ ಲೋಟದಲ್ಲಿ ಫಿಲ್ಟರ್ ನೀರು ತಗೊಳ್ಳಿ. ಎರಡಕ್ಕೂ ಒಂದೊಂದು ಚಿಟಿಕೆ ಎರೆ ಮಣ್ಣು ಹಾಕಿ ಚೆನ್ನಾಗಿ ಕದಡಿ. ಒಂದಕ್ಕೆ ಮಾತ್ರ ಒಂದು ಚಮಚ ತುಂಬ ಉಪ್ಪು ಹಾಕಿ. 200 ಮಿಲಿ ನೀರಿಗೆ ಅಷ್ಟು ಹಾಕಿದರೆ ಸಮುದ್ರದ ಉಪ್ಪಿನ ಹತ್ತಿರ ಬರುತ್ತದೆ, ಯಾಕಂದ್ರೆ ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಉಪ್ಪಿನ ಲೋಟದಲ್ಲಿ ಮಣ್ಣು ಸಣ್ಣ ಸಣ್ಣ ಉಂಡೆ ಕಟ್ಟಿ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಲೋಟ ಬಹಳ ಹೊತ್ತು ರಾಡಿಯಾಗಿಯೇ ಇರುತ್ತದೆ. ಬೋರಿನ ನೀರು ಮಾತ್ರ ಬೇಡ. ನಮ್ಮ ಕಡೆ ಅದರಲ್ಲಿ ಸುಣ್ಣದಂಶ ಜಾಸ್ತಿ, ಅದೂ ಮಣ್ಣನ್ನು ಕೂರಿಸಿಬಿಡುತ್ತದೆ, ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ.

ಹೊಳೆ ತಂದ ಮಣ್ಣು ಬಹಳ ದೂರ ಹೋಗದೆ ಅಳಿವೆಯ, ಅಂದರೆ ಹೊಳೆ ಸಮುದ್ರ ಸೇರುವ ಜಾಗದ, ಆಸುಪಾಸಿನಲ್ಲೇ ಕೂರುವುದು ಇದರಿಂದ. ಅಲ್ಲಿ ನೀರು ಆಳ ಇಲ್ಲ, ಅಲೆ ಅದನ್ನೇ ಮತ್ತೆ ಮತ್ತೆ ಕದಡುತ್ತದೆ. ದಡದಿಂದ ಆಚೆ, ಅಲೆಯ ಕೈ ತಳಕ್ಕೆ ಎಟುಕದಷ್ಟು ಆಳದಲ್ಲಿ, ನೀರು ತಿಳಿ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದವರು ಇದನ್ನು ಕಣ್ಣಾರೆ ಕಾಣುತ್ತಾರೆ. ದಡ ದೂರವಾದಂತೆ ನೀರು ಹಸಿರಿನಿಂದ ನೀಲಿಗೆ ತಿರುಗುತ್ತದೆ.

ಆ ಹಸಿರು ಪಾಚಿಯಿಂದ ಬರುವುದು. ಕಣ್ಣಿಗೆ ಕಾಣದಷ್ಟು ಸಣ್ಣ ತೇಲುವ ಸಸ್ಯಗಳು ನೀಲಿಯನ್ನೂ ಕೆಂಪನ್ನೂ ನುಂಗಿ ಹಸಿರನ್ನು ಬಿಡುತ್ತವೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಆಳದ ತಣ್ಣನೆ ನೀರು ಮೇಲೆ ಬರುತ್ತದೆ, ಅದರಲ್ಲಿ ಇವಕ್ಕೆ ಬೇಕಾದ ಗೊಬ್ಬರ ಇರುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳೂ ಒಂದಿಷ್ಟು ಸೇರಿಸುತ್ತವೆ. ಪಾಚಿ ಹುಲುಸಾಗಿ ಬೆಳೆಯುತ್ತದೆ, ಮೀನಿಗೆ ಊಟ ಸಿಗುತ್ತದೆ. ಹಸಿರು ನೀರನ್ನು ದಯವಿಟ್ಟು ಗಲೀಜು ಅನ್ನಬೇಡಿ, ಕರಾವಳಿಯ ಮೀನುಗಾರರ ಅನ್ನ ಅದು.

ಲಕ್ಷದ್ವೀಪದಲ್ಲಿ ಇದೆಲ್ಲ ತಿರುವುಮುರುವು. ಅಲ್ಲಿ ನದಿಯೇ ಇಲ್ಲ, ಮಣ್ಣು ತರುವವರೂ ಇಲ್ಲ. ತಳದಲ್ಲಿರುವುದು ಹವಳ ಪುಡಿಯಾಗಿ ಆದ ಬಿಳಿ ಮರಳು, ಅದು ಬೇಗ ಕೂರುತ್ತದೆ. ಸುತ್ತಲಿನ ಹವಳದ ದಿಬ್ಬ ದೊಡ್ಡ ಅಲೆಗಳನ್ನು ಹೊರಗೇ ಒಡೆಯುತ್ತದೆ, ಒಳಗೆ ಕೊಳದಷ್ಟು ಶಾಂತ. ಬಿಸಿಲು ಬಿಳಿ ತಳಕ್ಕೆ ಬಡಿದು ವಾಪಸ್ ಬರುವಷ್ಟರಲ್ಲಿ ಕೆಂಪು ಕಳೆದಿರುತ್ತದೆ, ಉಳಿಯುವುದು ಆ ತಿಳಿ ನೀಲಿ ಹಸಿರು. ತಳ ಕರಿ ಇದ್ದರೆ ಎಷ್ಟೇ ತಿಳಿ ನೀರಾದರೂ ಆ ಬಣ್ಣ ಬರುವುದಿಲ್ಲ. ಕಾರವಾರದ ಹತ್ತಿರ ತೀಳ್ಮಾತಿ ಅಂತ ಎಳ್ಳಿನಂಥ ಕರಿ ಮರಳಿನ ದಡ ಇದೆ, ಅಲ್ಲಿ ನೀರು ಗಾಢವಾಗಿ ಕಾಣುತ್ತದೆ.

ನಮ್ಮ ಕಡೆಯ ಮಣ್ಣು ಅರಬ್ಬಿ ಸಮುದ್ರಕ್ಕೆ ಹೋಗುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ನಿಮ್ಮ ಮಾಂಜ್ರಾ ಗೋದಾವರಿಗೆ ಸೇರುತ್ತದೆ, ನಮ್ಮ ಭೀಮಾ ಕೃಷ್ಣೆಗೆ. ಎರಡೂ ಆಂಧ್ರದಲ್ಲಿ ಬಂಗಾಳ ಕೊಲ್ಲಿಗೆ ಇಳಿಯುತ್ತವೆ. ಮಳೆಗಾಲದಲ್ಲಿ ಹಂಸಲದೀವಿಯಲ್ಲಿ ಕೃಷ್ಣೆ ಸಮುದ್ರ ಸೇರುವ ಜಾಗದಲ್ಲಿ ಕಾಣುವ ಕಂದು ನೀರಿನಲ್ಲಿ ಅಫಜಲಪುರ, ಚಿತ್ತಾಪುರ, ಶಹಾಪುರದ ತೊಗರಿ ಹೊಲದ ಮಣ್ಣೂ ಇರಬಹುದು. ಈಗ ಅಷ್ಟು ದೂರ ಹೋಗುವುದು ಕಡಿಮೆ. ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳಲ್ಲೇ ಹೂಳಾಗಿ ಕೂತುಬಿಡುತ್ತದೆ. ಮಣ್ಣು ಬರದೆ ಕೃಷ್ಣೆಯ ಮುಖಜಭೂಮಿಯ ದಡವನ್ನು ಸಮುದ್ರ ಕೊರೆಯುತ್ತಿದೆ. ಹೊಲದಲ್ಲಿ ಬದು ಒಡೆದು ಮೇಲ್ಮಣ್ಣು ಹರಿದುಹೋಗುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಆ ಮಣ್ಣು ಹೊಲಕ್ಕೂ ಉಳಿಯದೆ, ದಡಕ್ಕೂ ದಕ್ಕದೆ ಅಣೆಕಟ್ಟಿನಲ್ಲಿ ಬಿದ್ದಿರುತ್ತದೆ.

ಇನ್ನು ನಿಮ್ಮ ಕೊನೆಯ ಮಾತು, ಕೊಳಕಾ ಅಂತ. ಮುಂಬೈ ತೀರಕ್ಕೆ ಚರಂಡಿ ನೀರು ಸೇರುವುದು ನಿಜ, ಆದರೆ ಅದನ್ನು ಬಣ್ಣ ನೋಡಿ ಹೇಳಲಾಗದು. ಕಾಯಿಲೆ ತರುವ ಬ್ಯಾಕ್ಟೀರಿಯಾ ಗಾಜಿನಂಥ ನೀರಿನಲ್ಲೂ ಇರಬಹುದು, ಮಣ್ಣು ನೀರಿನಲ್ಲಿ ಇಲ್ಲದೆಯೂ ಇರಬಹುದು. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಪಡುಬಿದ್ರಿ ಬೀಚುಗಳಿಗೆ ಬ್ಲೂ ಫ್ಲ್ಯಾಗ್ ಅನ್ನುವ, ಸ್ವಚ್ಛ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅದಕ್ಕೆ ನೀರಿನ ಮಾದರಿ ತೆಗೆದು ಇ. ಕೋಲಿಯಂಥ ಬ್ಯಾಕ್ಟೀರಿಯಾ ಎಣಿಸುತ್ತಾರೆ. ಕಾಸರಕೋಡು ಶರಾವತಿಯ ಅಳಿವೆಯ ಪಕ್ಕದಲ್ಲೇ ಇದೆ, ಅಂದರೆ ಹೊಳೆ ಮಣ್ಣು ತರುವ ಕಡೆಯ ನೀರೂ ಈ ಪರೀಕ್ಷೆ ಪಾಸಾಗಬಹುದು.

ತಿಳಿ ನೀರು ನೋಡಲೇಬೇಕು ಅಂದರೆ ಮಳೆ ನಿಂತು ಹೊಳೆಗಳು ಇಳಿದ ಮೇಲೆ, ಡಿಸೆಂಬರಿನಿಂದ ಫೆಬ್ರವರಿ ಒಳಗೆ ಹೋಗಿ. ಅಳಿವೆಯಿಂದ ದೂರದ, ಎರಡು ಗುಡ್ಡಗಳ ಸಂದಿಯ ಬೀಚು ಆರಿಸಿಕೊಳ್ಳಿ. ಸೂರ್ಯ ನೆತ್ತಿಯ ಹತ್ತಿರ ಇರುವಾಗ ನೋಡಿ, ಆಗ ಬೆಳಕು ನೇರ ಒಳಗಿಳಿಯುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ, ನಮ್ಮ ಕಡೆಯ ಬಹಳ ಜನರಿಗೆ ಈಜು ಬರುವುದಿಲ್ಲ. ಮೇಲಿನಿಂದ ನೋಡಿದಾಗ ನೀರಿನ ಆಳ ನಿಜವಾದದ್ದರ ಮುಕ್ಕಾಲರಷ್ಟೇ ಕಾಣುತ್ತದೆ. 4 ಅಡಿ ಇದ್ದದ್ದು 3 ಅಡಿ ಅನಿಸುತ್ತದೆ. ನೀರು ತಿಳಿ ಇದ್ದಷ್ಟೂ ತಳ ಹತ್ತಿರ ಇದೆ ಅಂತ ಮಕ್ಕಳು ಮುಂದೆ ಮುಂದೆ ಹೋಗುತ್ತಾರೆ. ಕೈ ಹಿಡಿದುಕೊಂಡೇ ಇಳಿಸಿ, ಕೆಂಪು ಬಾವುಟ ಇರುವ ಕಡೆ ಇಳಿಸಲೇಬೇಡಿ.