ವೈಫೈ ಕಡ್ಡಿ ಪೂರ್ತಿ ಇದೆ, ನೆಟ್ ಮಾತ್ರ ಬಂದು ಬಂದು ಹೋಗುತ್ತದೆ. ರೂಟರ್ ಬದಲಿಸಲಾ?

ಫೈಬರ್ ಕನೆಕ್ಷನ್, 100 ಎಂಬಿಪಿಎಸ್ ಪ್ಲಾನ್, ಫೋನಿನಲ್ಲಿ ಕಡ್ಡಿ ಪೂರ್ತಿ. ಆದರೂ ದಿನಕ್ಕೆ ನಾಲ್ಕೈದು ಸಲ ನೆಟ್ ಸತ್ತು ಹೋಗುತ್ತದೆ, ಹೊಸ ರೂಟರ್ ತಗೊಳ್ಳಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ನಾನು ಹಾಗೆ ತಗೊಂಡು ಮೂರು ಸಾವಿರ ದಂಡ ತೆತ್ತವನು. ಹೊಸ ರೂಟರ್ ಬಂದ ಮರುದಿನವೇ ಮೀಟಿಂಗ್ ಮಧ್ಯೆ ನನ್ನ ಮುಖ ಫ್ರೀಜ್ ಆಯಿತು.

ಫೋನಿನಲ್ಲಿ ಕಾಣುವ ಆ ಕಡ್ಡಿ ಹೇಳುವುದು ಒಂದೇ ವಿಷಯ: ಫೋನಿಗೂ ರೂಟರಿಗೂ ನಡುವಿನ ಗಾಳಿ ಹೇಗಿದೆ ಅಂತ. ರೂಟರಿನಿಂದ ಆಚೆಗೆ ಬೀದಿಯ ಕಂಬ ದಾಟಿ ಹೋಗುವ ದಾರಿ ಹೇಗಿದೆ ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಹಾಗಾಗಿ ತೊಂದರೆ ಒಳಗಿನದೋ ಹೊರಗಿನದೋ, ಮೊದಲು ಅದನ್ನು ನೋಡಿ.

ಲ್ಯಾಪ್‌ಟಾಪ್‌ನಲ್ಲಿ ಎರಡು ಕಮಾಂಡ್ ವಿಂಡೋ (ಆದೇಶ ಟೈಪ್ ಮಾಡುವ ಕಿಟಕಿ) ತೆಗೆಯಿರಿ. ಒಂದರಲ್ಲಿ ping ಅಂತ ಬರೆದು ನಿಮ್ಮ ರೂಟರಿನ ವಿಳಾಸ ಹಾಕಿ. ಪಿಂಗ್ ಅಂದರೆ ಆ ಕಡೆಯವರನ್ನು 'ಇದ್ದೀಯಾ?' ಅಂತ ಕೇಳಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುವುದು. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1, ರೂಟರ್ ಅಡಿಯ ಸ್ಟಿಕ್ಕರ್‌ನಲ್ಲಿರುತ್ತದೆ. ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ಹಾಕಿ. ವಿಂಡೋಸ್ ಆದರೆ ಕೊನೆಗೆ ಮೈನಸ್ ಗುರುತು ಮತ್ತು ಟಿ ಅಕ್ಷರ ಸೇರಿಸಿ, ನಿಲ್ಲದೆ ಓಡುತ್ತದೆ. ಸಂಜೆಯೆಲ್ಲ ಹಾಗೇ ಬಿಡಿ.

ನೆಟ್ ಹೋದಾಗ ಎರಡೂ ನಿಂತರೆ, ಅಥವಾ ಮೊದಲನೆಯದು 2-3 ಮಿಲಿಸೆಕೆಂಡಿನಿಂದ 400, 600ಕ್ಕೆ ಹಾರಿದರೆ ದೋಷ ಮನೆಯೊಳಗೆ. ಮೊದಲನೆಯದು ಆರಾಮವಾಗಿ ಓಡುತ್ತಾ ಎರಡನೆಯದು ಮಾತ್ರ ನಿಂತರೆ ರೂಟರಿನಿಂದ ಆಚೆ.

ಮನೆಯೊಳಗಿನದು ಅಂತಾದರೆ ಮುಖ್ಯವಾಗಿ ಎರಡು ನೋಡಬೇಕು. ಒಂದು, ರೂಟರ್ ಎಲ್ಲಿದೆ? ನೀವು ಬರೆದಿಲ್ಲ. ಫ್ಲ್ಯಾಟ್‌ಗಳಲ್ಲಿ ಬಿಲ್ಡರ್‌ಗಳು ಬಾಗಿಲ ಪಕ್ಕ ಕಬ್ಬಿಣದ ಪೆಟ್ಟಿಗೆಯೊಂದನ್ನು ಗೋಡೆಗೆ ಕೂರಿಸಿರುತ್ತಾರೆ. ರೂಟರನ್ನು ಅದರೊಳಗಿಟ್ಟು ಮುಚ್ಚಳ ಹಾಕುವುದು ಅಂದರೆ ಬಾಯಿಗೆ ಬಟ್ಟೆ ತುರುಕಿ ಹಾಡು ಅಂದಂತೆ. ಟಿವಿ ಹಿಂದೆ, ಬೀರುವಿನ ಪಕ್ಕ, ಮೀನಿನ ತೊಟ್ಟಿಯ ಹತ್ತಿರ ಇಡುವುದೂ ಅಷ್ಟೇ. ಲೋಹ ಅಲೆಯನ್ನು ತಡೆಯುತ್ತದೆ, ನೀರು ಕುಡಿದುಬಿಡುತ್ತದೆ. ಮನೆಯ ನಡುವೆ, ಎದೆ ಎತ್ತರದಲ್ಲಿ, ಬಯಲಲ್ಲಿ ಇಡಿ. ಚೆನ್ನಾಗಿ ಕಾಣುವುದಿಲ್ಲ ಅಂತ ಮನೆಯಲ್ಲಿ ಜಗಳ ಆಗುತ್ತದೆ, ಆಗಲಿ.

ಎರಡು, ಚಾನೆಲ್, ಅಂದರೆ ವೈಫೈ ಅಲೆ ಓಡುವ ಓಣಿ. ವೈಫೈಗೆ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್, ಒಂದೊಂದರಲ್ಲೂ ಹಲವು ಚಾನೆಲ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟ್‌ನಲ್ಲಿ ಮೂವತ್ತು ಮನೆಯ ರೂಟರ್ ಆ ಮೂರರಲ್ಲೇ ಕಿರುಚುತ್ತಿರುತ್ತವೆ. ಸಂಜೆ ಏಳರ ಮೇಲೆ ಜಾಸ್ತಿ ತೊಂದರೆ ಅಂದರೆ ಇದೇ ಇರಬಹುದು. ಮೈಕ್ರೋವೇವ್ ಓವನ್ ಕೂಡ ಅದೇ 2.4ರಲ್ಲಿ ಗದ್ದಲ ಮಾಡುತ್ತದೆ. 5 ಗಿಗಾಹರ್ಟ್ಸ್‌ಗೆ ಬನ್ನಿ, ಅಲ್ಲಿ ಜಾಗ ವಿಶಾಲ. ಆದರೆ ಅದು ಗೋಡೆ ದಾಟುವುದರಲ್ಲಿ ಸೋಮಾರಿ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಟ್ಟು ನೋಡಿ. ಫೋನ್ ಸುಮ್ನೆ 2.4ಕ್ಕೇ ಅಂಟಿಕೊಂಡು ಕೂತಿರುವುದು ಆಗ ಗೊತ್ತಾಗುತ್ತದೆ.

ಡಿಎನ್‌ಎಸ್ ಬದಲಿಸಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ ಅದು. ಪೇಜ್ ತೆರೆಯಲು ತಡವಾದರೆ ಅದರಿಂದ ಒಮ್ಮೊಮ್ಮೆ ಉಪಯೋಗ ಆಗುತ್ತದೆ. ಪಿಂಗೇ ನಿಲ್ಲುತ್ತಿದ್ದರೆ ಇಲ್ಲ.

ಹೊರಗಿನದು ಅಂತಾದರೆ ಫೈಬರ್ ಬಂದು ಸೇರುವ ಡಬ್ಬಿ ನೋಡಿ. ಎಲ್‌ಒಎಸ್ ಅಂತ ಬರೆದಿರುವ ದೀಪ ಕೆಂಪಾದರೆ ಬೆಳಕೇ ಬರುತ್ತಿಲ್ಲ, ಕಂಪನಿಗೆ ಫೋನ್ ಮಾಡುವುದೊಂದೇ ದಾರಿ. ಅದಕ್ಕೂ ಮೊದಲು ಆ ತೆಳು ವೈರ್ ಸೋಫಾ ಹಿಂದೆ ಚೂಪಾಗಿ ಬಾಗಿದೆಯಾ ನೋಡಿ. ಒಳಗಿರುವುದು ಗಾಜು, ಜಾಸ್ತಿ ಬಾಗಿದರೆ ಬೆಳಕು ಸೋರಿಹೋಗುತ್ತದೆ.

ಇನ್ನು ನನ್ನ ಕಥೆ. ನನ್ನ ಪಿಂಗ್ ಹೇಳಿದ್ದು ಸ್ಪಷ್ಟ: ದೋಷ ರೂಟರಿನಿಂದ ಆಚೆ. ಸರಿ, ಕಂಪನಿಯವರ ಜೊತೆ ಎರಡು ವಾರ ಜಗಳ. ಹುಡುಗ ಎರಡು ಸಲ ಬಂದ, ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಮೀಟರ್ ಹಿಡಿದ, ಮೈನಸ್ 19 ಡಿಬಿಎಂ ತೋರಿಸಿದ. ಅದು ಒಳ್ಳೆಯ ಲೆಕ್ಕವೇ. ಮೈನಸ್ 27ರ ಹತ್ತಿರ ಇಳಿದರೆ ಕಷ್ಟ. 'ಲೈನ್ ಸೂಪರ್ ಇದೆ ಸರ್' ಅಂದು ಹೋದ.

ಒಂದು ದಿನ ಬೇಜಾರಿಗೆ ಆ ಫೈಬರ್ ಡಬ್ಬಿಯ ಅಡ್ಮಿನ್ ಪೇಜ್ (ಬ್ರೌಸರಿನಲ್ಲಿ ತೆರೆಯುವ ಅದರ ಸೆಟ್ಟಿಂಗ್ ಪುಟ) ತೆಗೆದೆ. ಅಪ್‌ಟೈಮ್ ಅಂತ ಒಂದು ಸಾಲು, ಡಬ್ಬಿ ಆನ್ ಆಗಿ ಎಷ್ಟು ಹೊತ್ತಾಯಿತು ಅಂತ: 38 ನಿಮಿಷ. ಯಾರೂ ಅದನ್ನು ಆಫ್ ಮಾಡಿರಲಿಲ್ಲ, ಕರೆಂಟೂ ಹೋಗಿರಲಿಲ್ಲ. 38 ನಿಮಿಷದ ಹಿಂದೆ ಏನಾಗಿತ್ತು? ಅಮ್ಮ ಸಂಪಿನ ಮೋಟಾರ್ ಹಾಕಿದ್ದರು. ಮರುದಿನ ನಾನೇ ಮೋಟಾರ್ ಸ್ವಿಚ್ ಒತ್ತಿ ಓಡಿ ಬಂದು ನೋಡಿದೆ. ಡಬ್ಬಿಯ ದೀಪಗಳೆಲ್ಲ ಆರಿ ಮತ್ತೆ ಒಂದೊಂದಾಗಿ ಹತ್ತುತ್ತಿದ್ದವು.

ಮೋಟಾರ್ ಶುರುವಾಗುವಾಗ ಒಂದು ಕ್ಷಣ ತುಂಬಾ ಕರೆಂಟ್ ಎಳೆಯುತ್ತದೆ, ಮನೆಯ ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಅಡಾಪ್ಟರ್ ಅದನ್ನು ತಡೆದುಕೊಳ್ಳುತ್ತದೆ. ನನ್ನ ಫೈಬರ್ ಡಬ್ಬಿಯದು ನಾಲ್ಕು ವರ್ಷ ಹಳೆಯದು, ಒಳಗೆ ಸ್ವಲ್ಪ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಸೊರಗಿತ್ತು. ಸುಮ್ನೆ ಮಲ್ಟಿಮೀಟರ್ ಇಟ್ಟರೆ 12 ವೋಲ್ಟ್ ಸರಿಯಾಗೇ ತೋರಿಸುತ್ತಿತ್ತು, ಹೊರೆ ಬಿದ್ದಾಗ ಮಾತ್ರ ಕೈಕೊಡುತ್ತಿತ್ತು. ಹೊಸ ರೂಟರಿಗೆ ಅದರದೇ ಹೊಸ ಅಡಾಪ್ಟರ್ ಇತ್ತಲ್ವಾ, ಅದಕ್ಕೇ ಅದು ಅಲುಗಾಡಲಿಲ್ಲ, ನಾನೂ ಅತ್ತ ಯೋಚಿಸಲಿಲ್ಲ.

ಹಾಗಾಗಿ ನೀವೂ ನೆಟ್ ಹೋದ ಕೂಡಲೇ ಅಪ್‌ಟೈಮ್ ನೋಡಿ. ಅಡಾಪ್ಟರ್ ಬದಲಿಸುವುದಾದರೆ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬಹುದು. ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು.

ಹೊಸ ಅಡಾಪ್ಟರಿಗೆ ನನಗೆ ಖರ್ಚಾಗಿದ್ದು 250 ರೂಪಾಯಿ. ಮೂರು ಸಾವಿರದ ರೂಟರನ್ನು ಲ್ಯಾನ್ ವೈರ್ ಎಳೆದು ಮಹಡಿ ರೂಮಿನಲ್ಲಿ ಇಟ್ಟಿದ್ದೇನೆ. ಅಮ್ಮನ ಧಾರಾವಾಹಿ ಈಗ ಅಲ್ಲೂ ನಿಲ್ಲದೆ ಓಡುತ್ತದೆ.